ಸರ್ವರ್ ನಿಂತ ಮೇಲೆ ಇ-ಮೇಲ್‌ಗೆ ಸಾಕ್ಷಿ ಯಾರು?

ಯೇವಲಾ–ವೈಜಾಪುರ ಪ್ರದೇಶವನ್ನು ಮುಂದಿಟ್ಟುಕೊಂಡು ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

ನಾಸಿಕ್ ಜಿಲ್ಲೆಯ ಯೇವಲಾ ಪೈಠಣಿ ಸೀರೆಗೆ ಹೆಸರಾದ ಊರು. ಅಲ್ಲಿಂದ ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಮುಂದಿನ ತಾಲ್ಲೂಕು ವೈಜಾಪುರ. ನಡುವಿನ ಗಡಿ ದಾಟಿದರೆ ಜಿಲ್ಲೆಯಷ್ಟೇ ಅಲ್ಲ, ಬಾಂಬೆ ಹೈಕೋರ್ಟಿನ ಪೀಠವೂ ಬದಲಾಗುತ್ತದೆ. ಯೇವಲಾದ ವ್ಯಾಜ್ಯ ಮುಂಬೈನ ಪ್ರಧಾನ ಪೀಠಕ್ಕೆ ಹೋಗುತ್ತದೆ, ವೈಜಾಪುರದ್ದು ಔರಂಗಾಬಾದ್ ಪೀಠಕ್ಕೆ. ಕಾಗದದ ಕಡತಗಳ ಮಟ್ಟಿಗೆ ಇಂಥ ಗಡಿಗಳಲ್ಲಿ ಗೊಂದಲವಿಲ್ಲ. ಕಡತ ಯಾವ ಕಪಾಟಿನಲ್ಲಿದೆ, ಕೀಲಿ ಯಾರ ವಶದಲ್ಲಿದೆ, ಯಾರಿಗೆ ಸಮನ್ಸ್ ಕಳಿಸಬೇಕು ಎಂಬುದು ಕಚೇರಿಗೂ ನ್ಯಾಯಾಲಯಕ್ಕೂ ಗೊತ್ತು.

ಇ-ಮೇಲ್ ವಿಷಯದಲ್ಲಿ ಈ ನಿಶ್ಚಯ ಸಡಿಲಗೊಂಡಿದೆ. ಕಚೇರಿಯ ಒಂದು ಕೋಣೆಯಲ್ಲಿದ್ದ ಮೇಲ್ ಸರ್ವರ್ ನಿಲ್ಲಿಸಿ, ಅದರಲ್ಲಿದ್ದ ಮೇಲ್‌ಬಾಕ್ಸ್‌ಗಳನ್ನು ಕ್ಲೌಡಿಗೆ ಸಾಗಿಸಿದ ಮೇಲೆ, ಸರ್ವರ್ ಕಾಲದ ಒಂದು ಮೇಲ್ ನ್ಯಾಯಾಲಯದ ಮುಂದೆ ಬಂದರೆ ಅದರ ಪರವಾಗಿ ಪ್ರಮಾಣಪತ್ರಕ್ಕೆ ಸಹಿ ಹಾಕಬಲ್ಲವರು ಯಾರು? ಈ ಟಿಪ್ಪಣಿ ಎತ್ತಿಕೊಂಡಿರುವುದು ಇದೊಂದೇ ಪ್ರಶ್ನೆಯನ್ನು. ನನ್ನ ವಾದ ಹೀಗಿದೆ: ಸಹಿಗೆ ಬಲ ಬರುವುದು ಯಂತ್ರದ ಒಡೆತನದಿಂದಲ್ಲ, ನಿರ್ವಹಣೆಯ ಲಿಖಿತ ನಿರಂತರತೆಯಿಂದ. ಆ ನಿರಂತರತೆ ಕಡಿದುಹೋಗುವ ಅಪಾಯ ಹೆಚ್ಚಾಗಿರುವುದು ಸರ್ವರ್ ನಿಲ್ಲಿಸುವ ವಾರದಲ್ಲಿ. ಉಳಿಸಿಕೊಳ್ಳಲು ಸುಲಭವಾದ ಸಮಯವೂ ಅದೇ.

2. ಸ್ಥಳಾಂತರದ ಹಿನ್ನೆಲೆ

ಈ ಸ್ಥಳಾಂತರ ಈಗ ಎಲ್ಲ ಹಂತಗಳಲ್ಲೂ ನಡೆಯುತ್ತಿದೆ. ಕೇಂದ್ರ ಸರ್ಕಾರದ ಇ-ಮೇಲ್ ನೀತಿ 2015ರ ಫೆಬ್ರವರಿಯಲ್ಲಿ ಗೆಜೆಟ್‌ನಲ್ಲಿ ಪ್ರಕಟವಾದಾಗ ಆ ಸೇವೆಯ ಹೊಣೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ್ದು, ಅಂದರೆ ಎನ್‌ಐಸಿಯದ್ದಾಗಿತ್ತು. 2023ರಲ್ಲಿ ಆ ಸೇವೆಗೆ ವೇದಿಕೆ ಒದಗಿಸುವ ಏಳು ವರ್ಷಗಳ ಗುತ್ತಿಗೆ ಜೊಹೊ ಸಂಸ್ಥೆಗೆ ಸಿಕ್ಕಿತು. ಸುಮಾರು 12 ಲಕ್ಷ ಖಾತೆಗಳು ಆ ವೇದಿಕೆಗೆ ಹೋಗಿವೆ. ವಿಳಾಸದ ಕೊನೆಯ 'ಗವ್ ಡಾಟ್ ಇನ್', 'ಎನ್‌ಐಸಿ ಡಾಟ್ ಇನ್' ಮಾತ್ರ ಹಾಗೆಯೇ ಉಳಿದಿವೆ. ಹೊರಗಿನಿಂದ ನೋಡುವವರಿಗೆ ಏನೂ ಬದಲಾಗಿಲ್ಲ, ಒಳಗೆ ಯಂತ್ರವೂ ನಡೆಸುವವರೂ ಬದಲಾಗಿದ್ದಾರೆ.

ಖಾಸಗಿ ಕಂಪನಿಗಳು, ಕಾಲೇಜುಗಳು, ಆಸ್ಪತ್ರೆಗಳಲ್ಲಿ ಸ್ವಂತ ಸರ್ವರ್ ಎಂದರೆ ಬಹುಕಾಲ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಎಂದೇ ಅರ್ಥವಾಗಿತ್ತು. ಅದರ 2016 ಮತ್ತು 2019ರ ಆವೃತ್ತಿಗಳಿಗೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇದೇ ಅವಧಿಯಲ್ಲಿ ಬ್ಯಾಂಕುಗಳಿಗೆ ಬೇರೊಂದು ಬದಲಾವಣೆ ಬಂತು. 'ಬ್ಯಾಂಕ್ ಡಾಟ್ ಇನ್' ಎಂಬ ಪ್ರತ್ಯೇಕ ಡೊಮೈನ್‌ಗೆ 2025ರ ಅಕ್ಟೋಬರ್ 31ರೊಳಗೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತು. ಅಲ್ಲಿ ವಿಳಾಸವೇ ಬದಲಾಗುತ್ತದೆ.

ಕರ್ನಾಟಕದ ಓದುಗರಿಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 1986ರಲ್ಲಿ ಆರಂಭವಾದ ಶಿಕ್ಷಣ–ಸಂಶೋಧನಾ ಜಾಲ ಅರ್ನೆಟ್ ಯೋಜನೆಯಲ್ಲಿ ಮೊದಲಿಗೆ ಸೇರಿದ ಸಂಸ್ಥೆಗಳಲ್ಲಿ ಅದೂ ಒಂದು. 1990ರ ದಶಕದ ಅಲ್ಲಿನ ಪ್ರಬಂಧಗಳ ಮೊದಲ ಪುಟದಲ್ಲಿ 'ಐಐಎಸ್‌ಸಿ ಡಾಟ್ ಅರ್ನೆಟ್ ಡಾಟ್ ಇನ್' ಎಂದು ಮುಗಿಯುವ ವಿಳಾಸಗಳಿವೆ. ಇಂದು ಅಲ್ಲಿನವರ ವಿಳಾಸ 'ಐಐಎಸ್‌ಸಿ ಡಾಟ್ ಎಸಿ ಡಾಟ್ ಇನ್', ಮೇಲ್ ಇರುವುದು ಮೈಕ್ರೋಸಾಫ್ಟ್ ಕ್ಲೌಡಿನಲ್ಲಿ. ಒಬ್ಬ ಪ್ರಾಧ್ಯಾಪಕರ ವೃತ್ತಿಜೀವನದೊಳಗೇ ಯಂತ್ರ, ಡೊಮೈನ್, ನಡೆಸುವವರು ಎಲ್ಲವೂ ಬದಲಾಗಬಹುದು ಎಂಬುದಕ್ಕೆ ಇದು ಸಾಕ್ಷಿ.

3. ಜಾಲ್ನಾ ಪ್ರಕರಣ

ಪ್ರಮಾಣಪತ್ರದ ಪ್ರಶ್ನೆಗೆ ದೇಶಕ್ಕೆಲ್ಲ ಅನ್ವಯಿಸುವ ಉತ್ತರ ಹುಟ್ಟಿದ್ದು ಇದೇ ಭಾಗದಲ್ಲಿ, ಔರಂಗಾಬಾದ್ ಪೀಠದಿಂದ ಮೇಲೆ ಹೋದ ಒಂದು ಚುನಾವಣಾ ತಕರಾರಿನಿಂದ. 2014ರ ವಿಧಾನಸಭಾ ಚುನಾವಣೆಯಲ್ಲಿ ಜಾಲ್ನಾ ಕ್ಷೇತ್ರದಿಂದ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ 296 ಮತಗಳ ಅಂತರದಿಂದ ಗೆದ್ದರು. ಸೋತ ಕೈಲಾಸ್ ಕಿಶನ್‌ರಾವ್ ಗೋರಂಟ್ಯಾಲ್ ಅವರ ದೂರು ಏನೆಂದರೆ, ಖೋತ್ಕರ್ ಅವರ ನಾಮಪತ್ರ ಸಲ್ಲಿಕೆಯಾದದ್ದು ಸೆಪ್ಟೆಂಬರ್ 27ರಂದು ಮಧ್ಯಾಹ್ನ 3 ಗಂಟೆಯ ಗಡುವು ಮೀರಿದ ಮೇಲೆ. ಅದಕ್ಕೆ ಆಧಾರ ಚುನಾವಣಾಧಿಕಾರಿಯ ಕಚೇರಿಯ ವಿಡಿಯೊ ದೃಶ್ಯಗಳು. ದೃಶ್ಯಗಳು ನ್ಯಾಯಾಲಯಕ್ಕೆ ಬಂದವು. ಆಗ ಜಾರಿಯಲ್ಲಿದ್ದ ಹಳೆಯ ಸಾಕ್ಷ್ಯ ಕಾನೂನಿನ 65ಬಿ ಕಲಮು ಕೇಳುತ್ತಿದ್ದ ಪ್ರಮಾಣಪತ್ರ ಬರಲಿಲ್ಲ. ಅರ್ಜಿದಾರರು ಮತ್ತೆ ಮತ್ತೆ ಕೇಳಿದರೂ ಅಧಿಕಾರಿಗಳು ಕೊಡಲಿಲ್ಲ.

2017ರ ನವೆಂಬರ್ 24ರಂದು ಔರಂಗಾಬಾದ್ ಪೀಠ ಆಯ್ಕೆಯನ್ನು ಅಸಿಂಧುಗೊಳಿಸಿತು. 2020ರ ಜುಲೈ 14ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಎತ್ತಿಹಿಡಿಯುತ್ತಲೇ ಕಾನೂನನ್ನು ಸ್ಪಷ್ಟಪಡಿಸಿತು. ಲ್ಯಾಪ್‌ಟಾಪ್, ಮೊಬೈಲ್‌ನಂಥ ಮೂಲ ಸಾಧನವನ್ನೇ ಅದರ ಒಡೆಯರು ನ್ಯಾಯಾಲಯಕ್ಕೆ ತಂದು ತೋರಿಸಿದರೆ ಪ್ರಮಾಣಪತ್ರ ಬೇಕಿಲ್ಲ. ತರಲಾಗದ ವ್ಯವಸ್ಥೆ ಅಥವಾ ಜಾಲದ ಭಾಗವಾಗಿದ್ದರೆ ಪ್ರಮಾಣಪತ್ರವೇ ದಾರಿ, ಮೌಖಿಕ ಹೇಳಿಕೆ ಅದರ ಜಾಗ ತುಂಬಲಾರದು. ಕೈಲಾದದ್ದನ್ನೆಲ್ಲ ಮಾಡಿಯೂ ಪ್ರಮಾಣಪತ್ರ ಸಿಗದವರಿಗೆ ಮಾತ್ರ ವಿನಾಯಿತಿ. ಅಸಾಧ್ಯವಾದುದನ್ನು ಕಾನೂನು ಬಲವಂತಪಡಿಸುವುದಿಲ್ಲ.

ಸರ್ವರ್ ಇದ್ದ ಕಚೇರಿಗೆ ಈ ತೀರ್ಪಿನ ಎರಡು ದಾರಿಗಳೂ ತಾತ್ವಿಕವಾಗಿ ತೆರೆದಿದ್ದವು. ಯಂತ್ರ ಕಷ್ಟಪಟ್ಟಾದರೂ ತರಬಹುದಾದ ವಸ್ತು. ಕ್ಲೌಡಿಗೆ ಹೋದ ಮೇಲೆ ಮೊದಲನೆಯ ದಾರಿ ಮುಚ್ಚಿತು, ಉಳಿದದ್ದು ಪ್ರಮಾಣಪತ್ರ ಒಂದೇ. ಸರ್ವರ್ ನಿಲ್ಲಿಸುವ ತೀರ್ಮಾನ ಖರ್ಚು ಮತ್ತು ಅನುಕೂಲದ ತೀರ್ಮಾನವಾಗಿರುವಷ್ಟೇ ಸಾಕ್ಷ್ಯದ ತೀರ್ಮಾನವೂ ಹೌದು.

4. ಕಾನೂನಿನ ಈಗಿನ ರೂಪ

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿದೆ. ಹಳೆಯ 65ಬಿಯ ಜಾಗದಲ್ಲಿ ಈಗ 63ನೇ ಕಲಮು. ನಮ್ಮ ಪ್ರಶ್ನೆಗೆ ಅದರ ಮೂರು ಅಂಶಗಳು ಮುಖ್ಯ.

ಮೊದಲನೆಯದು, ಹಲವು ಕಂಪ್ಯೂಟರುಗಳನ್ನು ಒಂದೆಂದು ಎಣಿಸುವ ನಿಯಮ. ಒಂದು ಅವಧಿಯುದ್ದಕ್ಕೂ ಮಾಹಿತಿ ಸೃಷ್ಟಿಸಲು ಅಥವಾ ಕಾಪಿಡಲು ಬಳಸಿದ ಯಂತ್ರಗಳು ಜಾಲದಲ್ಲಿರಲಿ, ಮಧ್ಯವರ್ತಿಯ ಮೂಲಕ ಬಳಕೆಯಾಗಿರಲಿ, ಎಲ್ಲವನ್ನೂ ಒಂದೇ ಕಂಪ್ಯೂಟರ್ ಎಂದು ಪರಿಗಣಿಸಬೇಕು. ಉದಾಹರಣೆಗೆ, ಒಂದು ಕಚೇರಿಯ 2021ರ ಸರ್ವರ್, 2023ರ ನಂತರದ ಕ್ಲೌಡ್ ಇವೆರಡನ್ನೂ ಒಂದೇ ಸರಣಿಯಾಗಿ ನೋಡಲು ಕಾನೂನಿನಲ್ಲಿ ಅವಕಾಶವಿದೆ ಎಂಬುದು ನನ್ನ ಓದು. ಆದರೆ ಸರಣಿ ಎಲ್ಲೂ ಕಡಿದಿಲ್ಲ ಎಂದು ತೋರಿಸುವ ಹೊರೆ ಹಾಜರುಪಡಿಸುವವರದ್ದು.

ಎರಡನೆಯದು ಸಹಿ. ಕಂಪ್ಯೂಟರಿನ ಉಸ್ತುವಾರಿ ಹೊತ್ತವರು ಅಥವಾ ಸಂಬಂಧಪಟ್ಟ ಚಟುವಟಿಕೆಯ ನಿರ್ವಹಣೆ ಹೊತ್ತವರು, ಇಬ್ಬರಲ್ಲಿ ಸೂಕ್ತರಾದವರು ಸಹಿ ಹಾಕಬೇಕು. ಜೊತೆಗೆ ಒಬ್ಬ ತಜ್ಞರೂ ಹಾಕಬೇಕು. ಕ್ಲೌಡಿನ ಯಂತ್ರ ಕಚೇರಿಯ ಉಸ್ತುವಾರಿಯಲ್ಲಿಲ್ಲ. ಆದರೆ ಖಾತೆ ತೆರೆಯುವುದು, ಮುಚ್ಚುವುದು, ಅನುಮತಿ ಕೊಡುವುದು, ಕಾಪಿಡುವ ಅವಧಿ ಗೊತ್ತುಮಾಡುವುದು ಈಗಲೂ ಕಚೇರಿಯ ಕೆಲಸವೇ. ಆದ್ದರಿಂದ ಸರ್ವರ್ ಇಲ್ಲದ ಕಚೇರಿ ನಿಲ್ಲಬೇಕಾದ ನೆಲ 'ನಿರ್ವಹಣೆ' ಎಂಬುದು.

ಮೂರನೆಯದು ಅನುಸೂಚಿಯಲ್ಲಿರುವ ಪ್ರಮಾಣಪತ್ರದ ನಮೂನೆ. ದಾಖಲೆಯ ಮೂಲ ಯಾವುದೆಂದು ಗುರುತು ಹಾಕುವ ಚೌಕಗಳಲ್ಲಿ ಸರ್ವರ್ ಮತ್ತು ಕ್ಲೌಡ್ ಎರಡೂ ಬೇರೆ ಬೇರೆಯಾಗಿವೆ. ಆ ಮೂಲ ಸಹಿದಾರರ ಒಡೆತನದ್ದೋ, ನಿರ್ವಹಣೆಯದ್ದೋ, ಅವರು ನಡೆಸಿದ್ದೋ ಎಂದು ಪ್ರತ್ಯೇಕವಾಗಿ ಹೇಳಬೇಕು. ದಾಖಲೆಯ ಡಿಜಿಟಲ್ ಬೆರಳಚ್ಚಿನಂಥ ಹ್ಯಾಷ್ ಮೌಲ್ಯವನ್ನೂ, ಅದನ್ನು ಲೆಕ್ಕಹಾಕಿದ ವಿಧಾನವನ್ನೂ ನಮೂದಿಸಬೇಕು. ಅರ್ಧ ಆಯುಷ್ಯ ಸರ್ವರ್‌ನಲ್ಲಿ, ಅರ್ಧ ಕ್ಲೌಡಿನಲ್ಲಿ ಕಳೆದ ಮೇಲ್‌ಗೆ ಈ ನಮೂನೆ ತುಂಬುವವರು ಎರಡೂ ಅವಧಿಗಳ ಬಗ್ಗೆ ತಿಳಿದು ಬರೆಯಬೇಕಾಗುತ್ತದೆ. ತಮ್ಮ ತಿಳಿವಳಿಕೆ, ನಂಬಿಕೆಯ ಮಟ್ಟಿಗೆ ಹೇಳಿದರೆ ಸಾಕು ಎಂದು ಕಾನೂನು ರಿಯಾಯಿತಿ ಕೊಡುತ್ತದೆ, ನಿಜ. ಆದರೂ ಪಾಟೀಸವಾಲಿನಲ್ಲಿ ಆ ತಿಳಿವಳಿಕೆಗೆ ಆಧಾರ ತೋರಿಸಬೇಕಾಗುತ್ತದೆ.

ಇವುಗಳ ಜೊತೆಗೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 7ನೇ ಕಲಮನ್ನೂ ಓದಬೇಕು. ವಿದ್ಯುನ್ಮಾನ ದಾಖಲೆಯನ್ನು ಮುಂದೆ ಬಳಸಲು ಬರುವಂತೆ, ಮೂಲ ರೂಪದಲ್ಲಿ ಅಥವಾ ಮೂಲವನ್ನು ನಿಖರವಾಗಿ ತೋರಿಸುವ ರೂಪದಲ್ಲಿ, ಎಲ್ಲಿಂದ ಎಲ್ಲಿಗೆ ಯಾವ ದಿನ ಯಾವ ವೇಳೆಗೆ ಹೋಯಿತೆಂಬ ವಿವರದೊಡನೆ ಇಡಬೇಕು ಎನ್ನುತ್ತದೆ ಅದು. ಸರ್ಕಾರಿ ಕಚೇರಿಗಳಿಗೆ ಹೊಣೆ ಇನ್ನೂ ಹೆಚ್ಚು. ಮಾಹಿತಿ ಹಕ್ಕು ಅಧಿನಿಯಮ, 2005 'ಮಾಹಿತಿ'ಯ ವ್ಯಾಖ್ಯೆಯಲ್ಲೇ ಇ-ಮೇಲ್ ಅನ್ನು ಹೆಸರಿಸುತ್ತದೆ. ಕೇಂದ್ರದ ಸಾರ್ವಜನಿಕ ದಾಖಲೆಗಳ ಅಧಿನಿಯಮ, 1993 ಕಂಪ್ಯೂಟರಿನಿಂದ ಹೊರಬಂದ ಸಾಮಗ್ರಿಯನ್ನೂ ದಾಖಲೆ ಎನ್ನುತ್ತದೆ, ಪ್ರತಿ ಸಂಸ್ಥೆಗೆ ಒಬ್ಬ ದಾಖಲೆ ಅಧಿಕಾರಿ ಇರಬೇಕೆನ್ನುತ್ತದೆ. ಮಹಾರಾಷ್ಟ್ರಕ್ಕೆ 2005ರ, ಕರ್ನಾಟಕಕ್ಕೆ 2010ರ ಪ್ರತ್ಯೇಕ ಸಾರ್ವಜನಿಕ ದಾಖಲೆ ಕಾನೂನುಗಳಿವೆ. ನಿಲ್ಲಿಸಿದ ಸರ್ವರ್‌ನ ಡಿಸ್ಕ್‌ಗಳನ್ನು ಹಳೆ ಸಾಮಾನಿನ ಹರಾಜಿಗೆ ಹಾಕುವ ಮೊದಲು ಈ ಕಾನೂನುಗಳನ್ನು ಓದಿಕೊಳ್ಳಬೇಕು.

5. ಸಾಗಣೆಯಲ್ಲಿ ಬದಲಾಗುವುದೇನು

ಮೇಲ್ ಎಂದರೆ ಅದರ ಪಠ್ಯ, ಲಗತ್ತುಗಳಷ್ಟೇ ಎಂದುಕೊಂಡರೆ ಸಾಗಣೆಯಲ್ಲಿ ಏನೂ ಕಳೆಯುವುದಿಲ್ಲ. ಸಾಕ್ಷ್ಯದ ಕಣ್ಣಿನಿಂದ ನೋಡಿದರೆ ನಾಲ್ಕು ಬದಲಾವಣೆಗಳು ಕಾಣುತ್ತವೆ.

ಒಂದು, ರೂಪ. ಎಕ್ಸ್‌ಚೇಂಜ್ ಬಂದ ಮೇಲ್‌ ಅನ್ನು ಬಂದ ಅಕ್ಷರಕ್ರಮದಲ್ಲೇ ಇಡದೆ ತನ್ನದೇ ಗುಣಲಕ್ಷಣಗಳಾಗಿ ಒಡೆದು ಇಡುತ್ತದೆ. ಹೊರತೆಗೆಯುವಾಗ ಮತ್ತೆ ಜೋಡಿಸುತ್ತದೆ. ಹೀಗಾಗಿ ಒಂದೇ ಮೇಲ್‌ನ ಎರಡು ಪ್ರತಿಗಳ ಪಠ್ಯ ಒಂದೇ ಆಗಿದ್ದರೂ ಹ್ಯಾಷ್ ಮೌಲ್ಯ ಬೇರೆ ಬರಬಹುದು. ಹ್ಯಾಷ್ ಬೇರೆ ಎಂದಮಾತ್ರಕ್ಕೆ ತಿದ್ದಿದ್ದಾರೆ ಎಂದಲ್ಲ. ಆದರೆ ಎದುರು ಪಕ್ಷ ಪ್ರಶ್ನಿಸಿದಾಗ ವಿವರಿಸಲು ಲಿಖಿತ ಆಧಾರ ಬೇಕು.

ಎರಡು, ಬಿಟ್ಟುಹೋಗುವ ವಸ್ತುಗಳು. ಕೆಟ್ಟುಹೋದ ಮೇಲ್‌ಗಳು, ಗಾತ್ರ ಮೀರಿದವು ಸಾಗಣೆಯಲ್ಲಿ ಹಿಂದೆ ಉಳಿಯುತ್ತವೆ; ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಒಂದು ಮೇಲ್‌ನ ಗರಿಷ್ಠ ಮಿತಿ 150 ಎಂಬಿ. ಐಮ್ಯಾಪ್ ವಿಧಾನದಲ್ಲಿ ಮೇಲ್ ಮಾತ್ರ ಹೋಗುತ್ತದೆ, ಕ್ಯಾಲೆಂಡರ್, ವಿಳಾಸಪಟ್ಟಿಗಳು ಹೋಗುವುದಿಲ್ಲ. ಏನು ಬಿಟ್ಟುಹೋಯಿತು ಎಂಬ ವರದಿಯನ್ನು ಸಾಗಣೆಯ ಸಾಧನವೇ ಕೊಡುತ್ತದೆ. ಅದನ್ನು ಇಳಿಸಿ ಇಟ್ಟುಕೊಳ್ಳುವುದು ಕಚೇರಿಯ ಕೆಲಸ.

ಮೂರು, ಸಹಿಯ ಪರಿಶೀಲನೆ. ಕಳುಹಿಸಿದ ಡೊಮೈನ್‌ನಿಂದಲೇ ಬಂತು, ದಾರಿಯಲ್ಲಿ ಬದಲಾಗಲಿಲ್ಲ ಎಂದು ತೋರಿಸುವ ಡಿಕಿಮ್ ಸಹಿಯನ್ನು ಪರೀಕ್ಷಿಸಲು ಡೊಮೈನ್‌ಗಳ ಸಾರ್ವಜನಿಕ ನಮೂದುಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಪ್ರಕಟವಾದ ಸಾರ್ವಜನಿಕ ಕೀಲಿ ಬೇಕು. ಸರ್ವರ್ ನಿಲ್ಲಿಸಿದವರು ಅಚ್ಚುಕಟ್ಟು ಮಾಡುವ ಭರದಲ್ಲಿ ಹಳೆಯ ಕೀಲಿಯ ನಮೂದನ್ನು ಅಳಿಸಿದರೆ, ಆ ಸರ್ವರ್ ಕಳುಹಿಸಿದ ಅಷ್ಟೂ ಮೇಲ್‌ಗಳ ಸಹಿ ಪರೀಕ್ಷೆಗೆ ಸಿಗದಂತಾಗುತ್ತದೆ.

ನಾಲ್ಕು, ನಿರ್ವಾಹಕರ ಹೆಜ್ಜೆಗುರುತು. ಇದು ತಜ್ಞರಲ್ಲದವರ ಗಮನಕ್ಕೆ ಬಾರದ, ಆದರೆ ನಮ್ಮ ವಾದಕ್ಕೆ ತಿರುಳಾದ ಸಂಗತಿ. ಮೇಲ್‌ಬಾಕ್ಸ್‌ಗಳೆಲ್ಲ ಕ್ಲೌಡಿಗೆ ಹೋದರೂ ಬಳಕೆದಾರರ ಪಟ್ಟಿ ಕಚೇರಿಯ ಆಕ್ಟಿವ್ ಡೈರೆಕ್ಟರಿಯಲ್ಲೇ ಉಳಿಯುವುದು ಸಾಮಾನ್ಯ. ಅಲ್ಲಿಂದ ಕ್ಲೌಡಿಗೆ ಪ್ರತಿ ಹೋಗುತ್ತಿರುವವರೆಗೆ ಇ-ಮೇಲ್ ವಿಳಾಸ, ಉಪವಿಳಾಸಗಳನ್ನು ತಿದ್ದಬೇಕಾದದ್ದೂ ಅಲ್ಲಿಯೇ. ಈ ಕಾರಣಕ್ಕೆ ಒಂದೂ ಮೇಲ್ ಇಲ್ಲದ 'ಕೊನೆಯ ಎಕ್ಸ್‌ಚೇಂಜ್ ಸರ್ವರ್' ವರ್ಷಗಟ್ಟಲೆ ಓಡುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಬಂದ ಎಕ್ಸ್‌ಚೇಂಜ್ 2019ರ 12ನೇ ಸಂಚಿತ ಪರಿಷ್ಕರಣೆ ಅದನ್ನು ನಿಲ್ಲಿಸಲು ಅವಕಾಶ ಕೊಟ್ಟಿತು. ಸರ್ವರ್ ಅನ್ನು ಶಟ್‌ಡೌನ್ ಮಾಡಬೇಕು, ಅನ್‌ಇನ್‌ಸ್ಟಾಲ್ ಮಾಡಕೂಡದು. ವಿಳಾಸಗಳ ಕೆಲಸವನ್ನು ಪವರ್‌ಶೆಲ್ ಸಾಧನಗಳಿಂದ ಮಾಡಿಕೊಳ್ಳಬೇಕು. ಆದರೆ ಆ ದಾರಿ ಹಿಡಿದರೆ ಯಾವ ನಿರ್ವಾಹಕ ಯಾವ ವಿಳಾಸವನ್ನು ಯಾವಾಗ ಬದಲಿಸಿದ ಎಂಬ ಲೆಕ್ಕಪರಿಶೋಧನಾ ದಾಖಲೆ ಬರೆಯಲ್ಪಡುವುದಿಲ್ಲ, ಹುದ್ದೆಗೆ ತಕ್ಕಂತೆ ಅಧಿಕಾರ ಹಂಚುವ ವ್ಯವಸ್ಥೆಯೂ ಇರುವುದಿಲ್ಲ. ಇದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಈ ದಾರಿ ಎಂದು ಮೈಕ್ರೋಸಾಫ್ಟ್ ತನ್ನ ಸೂಚನೆಗಳಲ್ಲೇ ಹೇಳಿದೆ. ಪ್ರತಿ ಮೇಲ್‌ಬಾಕ್ಸ್‌ನ ಇಂಥ ಗುಣಲಕ್ಷಣಗಳ ನಿಯಂತ್ರಣವನ್ನು ಕ್ಲೌಡಿಗೇ ವರ್ಗಾಯಿಸುವ ಸೌಲಭ್ಯ 2025ರಲ್ಲಿ ಬಂತು.

'ನಿರ್ವಹಣೆ ನನ್ನದು' ಎಂದು ಸಹಿ ಹಾಕಬೇಕಾದ ಕಚೇರಿಗೆ ನಿರ್ವಹಣೆಯ ದಾಖಲೆಯೇ ಇಲ್ಲದಿದ್ದರೆ ಸಹಿ ಎಷ್ಟು ನಿಲ್ಲುತ್ತದೆ? ಯಂತ್ರ ದಾಖಲಿಸದ್ದನ್ನು ಇಂಥಲ್ಲಿ ಮನುಷ್ಯರೇ ವಹಿಯಲ್ಲಿ ಬರೆದಿಡಬೇಕು.

6. ಅವಧಿಗಳ ಹೊಂದಾಣಿಕೆ

ಈಗ ಅವಧಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಅಳಿಸಿದ ಮೇಲ್ ಪೂರ್ವನಿಯೋಜಿತವಾಗಿ 14 ದಿನ, ಹೆಚ್ಚೆಂದರೆ 30 ದಿನ ಮರಳಿ ಸಿಗುತ್ತದೆ. ಅಳಿಸಿದ ಮೇಲ್‌ಬಾಕ್ಸ್ 30 ದಿನ. ಸಾಮಾನ್ಯ ಪರವಾನಗಿಯಲ್ಲಿ ಲೆಕ್ಕಪರಿಶೋಧನಾ ದಾಖಲೆ 180 ದಿನ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವೂ ಲಾಗ್‌ಗಳನ್ನು 180 ದಿನ ಇಡಬೇಕೆನ್ನುತ್ತದೆ.

ಹಣ ವಸೂಲಿಯ ದಾವೆ ಹೂಡಲು ಕಾಲಮಿತಿ ಕಾನೂನು ಕೊಡುವ ಅವಧಿ ಮೂರು ವರ್ಷ. ಜಾಲ್ನಾ ಪ್ರಕರಣದಲ್ಲಿ ಘಟನೆಯಿಂದ ಅಂತಿಮ ತೀರ್ಪಿನವರೆಗೆ ಹೆಚ್ಚುಕಡಿಮೆ ಆರು ವರ್ಷ ಹಿಡಿಯಿತು. 2008ರ ಬೆಂಗಳೂರು ಸರಣಿ ಸ್ಫೋಟದ ಪ್ರಕರಣದಲ್ಲಿ, ಸಾಧನಗಳಿಂದ ತೆಗೆದ ಮಾಹಿತಿಗೆ 65ಬಿ ಪ್ರಮಾಣಪತ್ರ ಸಲ್ಲಿಸಲು ವಿಚಾರಣಾ ನ್ಯಾಯಾಲಯ ತಡವಾಯಿತೆಂದು ಅನುಮತಿ ನಿರಾಕರಿಸಿತ್ತು, ಹೈಕೋರ್ಟ್ ಅದನ್ನು ಒಪ್ಪಿತ್ತು. 2023ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟಿತು. ಘಟನೆ ನಡೆದು 15 ವರ್ಷಗಳಾದ ಮೇಲೂ ಪ್ರಮಾಣಪತ್ರದ ಮಾತು ಮುಗಿದಿರಲಿಲ್ಲ. ಯಂತ್ರದ ನೆನಪು ದಿನಗಳಲ್ಲಿದೆ, ನ್ಯಾಯದ ನಡಿಗೆ ವರ್ಷಗಳಲ್ಲಿದೆ. ನಡುವಿನ ಅಂತರವನ್ನು ಕ್ಲೌಡಿನ ಪೂರ್ವನಿಯೋಜಿತ ಹೊಂದಿಕೆಗಳು ತುಂಬುವುದಿಲ್ಲ, ಕಚೇರಿಯೇ ತುಂಬಬೇಕು.

ಒಂದು ಕಲ್ಪಿತ ಸಂದರ್ಭ ತೆಗೆದುಕೊಳ್ಳೋಣ. ಯೇವಲಾದ ಒಂದು ಪೈಠಣಿ ಮಾರಾಟ ಸಂಸ್ಥೆ 2021ರಲ್ಲಿ ಬೆಂಗಳೂರಿನ ವ್ಯಾಪಾರಿಯೊಬ್ಬರೊಡನೆ ದರ, ಗಡುವುಗಳನ್ನು ಮೇಲ್‌ನಲ್ಲಿ ಒಪ್ಪಿಕೊಂಡಿತು. 2023ರಲ್ಲಿ ಸರ್ವರ್ ನಿಲ್ಲಿಸಿ ಕ್ಲೌಡಿಗೆ ಹೋಯಿತು. ಬಾಕಿಯ ತಕರಾರು ನ್ಯಾಯಾಲಯಕ್ಕೆ ಬಂದದ್ದು 2024ರಲ್ಲಿ. ಒಪ್ಪಂದ ಮಾಡಿಕೊಂಡ ನೌಕರರು ಕೆಲಸ ಬಿಟ್ಟಿದ್ದಾರೆ, ಪರವಾನಗಿ ಶುಲ್ಕ ಉಳಿಸಲು ಅವರ ಖಾತೆ ಅಳಿಸಲಾಗಿದೆ, 30 ದಿನಗಳು ಎಂದೋ ಕಳೆದಿವೆ. ವ್ಯಾಪಾರಿಯ ಬಳಿ ಪ್ರತಿ ಇದೆ, ಮಾರಿದವರ ಬಳಿ ಇಲ್ಲ. ಕ್ಲೌಡ್ ಕಂಪನಿ ತನ್ನ ಯಂತ್ರದ ಬಗ್ಗೆ ಹೇಳಬಲ್ಲದು, 2021ರಲ್ಲಿ ಯೇವಲಾದ ಕೋಣೆಯಲ್ಲಿ ಏನಾಯಿತೆಂದು ಹೇಳಲಾರದು. ಅಳಿಸುವ ಮೊದಲು ಆ ಮೇಲ್‌ಬಾಕ್ಸ್‌ಗೆ ಕಾನೂನು ತಡೆ ಹಾಕಿದ್ದರೆ ಅದು ನಿಷ್ಕ್ರಿಯ ಮೇಲ್‌ಬಾಕ್ಸ್ ಆಗಿ ಉಳಿದಿರುತ್ತಿತ್ತು. ಒಪ್ಪಂದಗಳಿಗೆ ವ್ಯಕ್ತಿಯ ಹೆಸರಿನ ಬದಲು ಹುದ್ದೆಯ ಹೆಸರಿನ ವಿಳಾಸ ಬಳಸಿದ್ದರೆ ಮುಂದೆ ಬಂದವರ ಕೈಗೆ ಸಹಜವಾಗಿ ಸಿಗುತ್ತಿತ್ತು.

7. ಪ್ರಸ್ತಾವ: ಸ್ಥಳಾಂತರ ಪಂಚನಾಮೆ

ಸ್ಥಳದಲ್ಲಿ ಕಂಡದ್ದನ್ನು ಕಂಡ ಹೊತ್ತಿಗೇ ಬರೆದು, ಹಾಜರಿದ್ದವರ ಸಹಿ ಪಡೆಯುವ ಪಂಚನಾಮೆಯ ಪದ್ಧತಿ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಎಲ್ಲರಿಗೂ ಪರಿಚಿತ. ಸರ್ವರ್ ನಿಲ್ಲಿಸುವಾಗ ಅಂಥದೇ ಒಂದು ದಾಖಲೆ ಸಿದ್ಧವಾಗಬೇಕು. ಅದರಲ್ಲಿ ಕನಿಷ್ಠ ಇಷ್ಟು ಇರಲಿ.

ಒಂದು, ಸರ್ವರ್‌ನ ತಯಾರಿಕೆ, ಮಾದರಿ, ಕ್ರಮಸಂಖ್ಯೆ, ತಂತ್ರಾಂಶದ ಆವೃತ್ತಿ, ಬಳಕೆಯಲ್ಲಿದ್ದ ಅವಧಿ; ಆ ಅವಧಿಯಲ್ಲಿ ಉಸ್ತುವಾರಿ ಹೊತ್ತ ಹುದ್ದೆಗಳ ಪಟ್ಟಿ.

ಎರಡು, ಪ್ರತಿ ಮೇಲ್‌ಬಾಕ್ಸ್‌ನ ವಿಳಾಸ ಮತ್ತು ಉಪವಿಳಾಸಗಳು, ಸಾಗಣೆಗೆ ಮೊದಲಿನ ಹಾಗೂ ನಂತರದ ಮೇಲ್‌ಗಳ ಸಂಖ್ಯೆ, ಗಾತ್ರ.

ಮೂರು, ಬಳಸಿದ ಸಾಧನ, ಸಾಗಣೆಯ ದಿನ ಮತ್ತು ವೇಳೆ, ಬಿಟ್ಟುಹೋದವುಗಳ ಪೂರ್ಣ ವರದಿ.

ನಾಲ್ಕು, ಅಂದಿನ ಡಿಎನ್‌ಎಸ್ ನಮೂದುಗಳ ಪ್ರತಿ. ಮುಖ್ಯವಾಗಿ ಡಿಕಿಮ್ ಸಾರ್ವಜನಿಕ ಕೀಲಿಗಳು.

ಐದು, ಸರ್ವರ್‌ನ ರವಾನೆ ಲಾಗ್‌ಗಳು ಮತ್ತು ಕೊನೆಯ ಬ್ಯಾಕಪ್. ಅವುಗಳ ಎಸ್‌ಎಚ್‌ಎ-256 ಹ್ಯಾಷ್. ಅವು ಇರುವ ಜಾಗ.

ಆರು, ಕ್ಲೌಡಿನಲ್ಲಿ ನಿರ್ವಾಹಕ ಅಧಿಕಾರವಿರುವ ಹುದ್ದೆಗಳು, ಕಾಪಿಡುವ ಅವಧಿ, ಕಾನೂನು ತಡೆಗಳು. ವಿಳಾಸ ಬದಲಾವಣೆಗಳನ್ನು ಬರೆಯುವ ವಹಿ ಯಾರ ಬಳಿ ಎಂಬ ವಿವರ.

ಏಳು, ಹಳೆಯ ಸರ್ವರ್ ನಡೆಸಿದವರ, ಹೊಸ ಖಾತೆ ನಿರ್ವಹಿಸುವವರ, ಸರ್ಕಾರಿ ಕಚೇರಿಯಾದರೆ ದಾಖಲೆ ಅಧಿಕಾರಿಯ ಸಹಿ.

ಇದರ ಮಿತಿಯನ್ನೂ ಸ್ಪಷ್ಟವಾಗಿ ಹೇಳಬೇಕು. 63ನೇ ಕಲಮಿನ ಪ್ರಮಾಣಪತ್ರವನ್ನು ದಾಖಲೆ ಸಲ್ಲಿಸುವ ಪ್ರತಿ ಸಲವೂ ಹೊಸದಾಗಿ ಕೊಡಬೇಕು. ಪಂಚನಾಮೆ ಅದರ ಬದಲಿ ಅಲ್ಲ. ಆದರೆ ಎಂಟು ವರ್ಷಗಳ ನಂತರ ಆ ಹುದ್ದೆಗೆ ಬಂದು, ಹಳೆಯ ಸರ್ವರ್ ಅನ್ನು ಕಣ್ಣಲ್ಲೇ ನೋಡದ ಅಧಿಕಾರಿಗೆ 'ನನ್ನ ತಿಳಿವಳಿಕೆಯ ಮಟ್ಟಿಗೆ' ಎಂದು ಬರೆಯಲು ಬೇಕಾದ ತಿಳಿವಳಿಕೆಯನ್ನು ಅದು ಒದಗಿಸುತ್ತದೆ. ದಾಖಲೆ ಸರಿಯಾದ ವಶದಿಂದ ಬಂದಿದೆ ಎಂದು ತೋರಿಸಲೂ ನೆರವಾಗುತ್ತದೆ.

8. ಫಲಿತ

ಮೊದಲ ಪ್ರಶ್ನೆಗೆ ಉತ್ತರ ಹೀಗೆ ನಿಲ್ಲುತ್ತದೆ. ಸರ್ವರ್ ನಿಂತ ಮೇಲೆ ಇ-ಮೇಲ್ ಪರವಾಗಿ ಸಹಿ ಹಾಕಬೇಕಾದವರು ಕ್ಲೌಡ್ ಕಂಪನಿಯವರಲ್ಲ, ಆ ಮೇಲ್‌ಬಾಕ್ಸ್‌ಗಳನ್ನು ನಿರ್ವಹಿಸುವ ಕಚೇರಿಯವರೇ. ಕಾನೂನು ಅವರಿಗೆ ಆ ಸ್ಥಾನ ಕೊಟ್ಟಿದೆ. ಸ್ಥಾನಕ್ಕೆ ತಕ್ಕ ದಾಖಲೆ ಇಟ್ಟುಕೊಂಡರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಜಾಲ್ನಾದಲ್ಲಿ ವಿಡಿಯೊ ಇತ್ತು, ಸಹಿ ಇರಲಿಲ್ಲ; ವ್ಯಾಜ್ಯ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಈ ಕೆಲಸಕ್ಕೆ ದೊಡ್ಡ ವೆಚ್ಚವಿಲ್ಲ, ಆದರೆ ಗಡುವು ಇದೆ. ಹಳೆಯ ಆವೃತ್ತಿಗಳ ಬೆಂಬಲ ಮುಗಿದಿರುವುದರಿಂದ ಉಳಿದ ಸರ್ವರ್‌ಗಳೂ ಒಂದೊಂದಾಗಿ ನಿಲ್ಲಲಿವೆ. ಅವನ್ನು ನಡೆಸಿದವರು ಇನ್ನೂ ಸೇವೆಯಲ್ಲಿದ್ದಾರೆ, ತಾವೇ ಕಂಡದ್ದನ್ನು ಬರೆದುಕೊಡಬಲ್ಲರು. ಯೇವಲಾದ ಸಹಕಾರ ಸಂಘವಿರಲಿ, ವೈಜಾಪುರದ ಕಾಲೇಜಿರಲಿ, ಬಾಗಲಕೋಟೆಯ ಗಿರಣಿಯಿರಲಿ, ಸ್ವಿಚ್ ಆರಿಸುವ ದಿನವೇ ಅವರಿಂದ ಈ ದಾಖಲೆ ಬರೆಸಿ ಸಹಿ ಪಡೆಯುವುದನ್ನು ಸ್ಥಳಾಂತರದ ಗುತ್ತಿಗೆಯಲ್ಲೇ ಒಂದು ಷರತ್ತಾಗಿ ಸೇರಿಸಬೇಕು.